ಗೊಂಬೆ ಬೇಡವೆಂದ ಗೊಂಬೆ

ಏಪ್ರಿಲ್ ಕೊನೆಯ ಶನಿವಾರ. ಹೊರಗೆ ಪುಣೆಯ ಬಿಸಿಲು, ಒಳಗೆ ಟೀವಿಯ ತುಂಬ ಹಿಮ. "ಪಪ್ಪಾ, ನೀ ಸಣ್ಣವ ಇದ್ದಾಗ ಏನ್ ನೋಡ್ತಿದ್ದಿ?" ಎಂದು ಎಂಟು ವರ್ಷದ ಮಗಳು ಕೇಳಿದಾಗ ಹೀ-ಮ್ಯಾನ್ ಎಂದಿದ್ದೆ. ಆಮೇಲೆ ನನ್ನ ಹತ್ತಿರ ಇದ್ದದ್ದು ಹೀ-ಮ್ಯಾನ್ ಗೊಂಬೆಯಲ್ಲ, ಅವನ ವೈರಿ ಸ್ಕೆಲೆಟರ್ ಗೊಂಬೆ ಎಂಬುದನ್ನೂ ಹೇಳಿದ್ದೆ. ಅವಳು ರಿಮೋಟ್ ಹಿಡಿದು ಹುಡುಕಿ ತೆಗೆದದ್ದು ಹೀ-ಮ್ಯಾನ್ ಮತ್ತು ಶೀ-ರಾ ಇಬ್ಬರೂ ಇರುವ ಕ್ರಿಸ್‌ಮಸ್ ವಿಶೇಷ ಕಾರ್ಯಕ್ರಮ. 1985ರಲ್ಲಿ ಅಮೆರಿಕದ ಟೀವಿಗಾಗಿ ಫಿಲ್ಮೇಶನ್ ಸ್ಟುಡಿಯೋ ಮಾಡಿದ್ದು. ನಾನೂ ಅದನ್ನು ನೋಡಿರಲಿಲ್ಲ. ಇಬ್ಬರೂ ಕೂತೆವು.

ಕಥೆ ಸರಳ. ಎಟರ್ನಿಯಾ ಎಂಬ ಲೋಕದ ಆರ್ಕೋ ಎಂಬ ಪುಟ್ಟ ಮಂತ್ರವಾದಿ ಆಕಸ್ಮಿಕವಾಗಿ ಭೂಮಿಗೆ ಬಂದುಬೀಳುತ್ತಾನೆ. ಹಿಮದಲ್ಲಿ ದಾರಿ ತಪ್ಪಿದ ಮಿಗೆಲ್ ಮತ್ತು ಅಲೀಶಾ ಎಂಬ ಇಬ್ಬರು ಮಕ್ಕಳು ಅವನಿಗೆ ಸಿಗುತ್ತಾರೆ, ಅವನೊಂದಿಗೆ ಎಟರ್ನಿಯಾಕ್ಕೂ ಹೋಗುತ್ತಾರೆ. ಮಕ್ಕಳು ತಂದ ಹಬ್ಬದ ಒಳ್ಳೆಯತನ ದುಷ್ಟರ ದೊರೆಗೆ ಸಹಿಸುವುದಿಲ್ಲ. ಅವರನ್ನು ಹಿಡಿದು ತರಲು ಸ್ಕೆಲೆಟರ್‌ಗೂ ಇನ್ನೊಬ್ಬ ಖಳನಿಗೂ ಅಪ್ಪಣೆಯಾಗುತ್ತದೆ. ತಲೆಬುರುಡೆ ಮುಖದ ಸ್ಕೆಲೆಟರ್ ಮಕ್ಕಳನ್ನು ಹಿಮದಲ್ಲಿ ನಡೆಸಿಕೊಂಡು ಹೊರಡುತ್ತಾನೆ. ದಾರಿಯಲ್ಲಿ ಅವರಿಗೆ ಚಳಿಯಾಗುತ್ತದೆ, ಬೆಚ್ಚನೆಯ ಅಂಗಿ ಕೊಡುತ್ತಾನೆ. ಒಂದು ನಾಯಿಮರಿ ಹಿಂದೆ ಬೀಳುತ್ತದೆ, ಗೊಣಗುತ್ತಲೇ ಎತ್ತಿಕೊಳ್ಳುತ್ತಾನೆ. ನಿಮ್ಮ ಹಬ್ಬ ಎಂದರೇನು ಎಂದು ಮಕ್ಕಳನ್ನೇ ಕೇಳುತ್ತಾನೆ. ಕೊನೆಗೆ ತನ್ನ ದೊರೆಯ ಮೇಲೆಯೇ ಅಸ್ತ್ರ ಬಿಟ್ಟು ಮಕ್ಕಳನ್ನು ಉಳಿಸುತ್ತಾನೆ. ಹೀಗೆ ಒಳ್ಳೆಯದು ಮಾಡಿದ್ದಕ್ಕೆ ಅವನಿಗೇ ಕಸಿವಿಸಿ.

ಮಗಳು ನಾಯಿಮರಿಯ ದೃಶ್ಯದಲ್ಲಿ ನನಗೆ ಒತ್ತಿ ಕೂತಳು. ನಿಜ ಹೇಳಬೇಕೆಂದರೆ ನನ್ನ ಕಣ್ಣೂ ತುಸು ಒದ್ದೆಯಾಯಿತು. ಆಮೇಲೆ ಮುಗಿತಾಯ. ಹಬ್ಬವೆಂದರೆ ಪ್ರೀತಿ, ಕಾಳಜಿ ಎಂಬ ಅರ್ಥದ ಮಾತನ್ನು ರಾಜಕುಮಾರ ಆಡಮ್ ಆಡುತ್ತಾನೆ. ಉಡುಗೊರೆ ಕೂಡ ಎಂದು ಆರ್ಕೋ ನೆನಪಿಸುತ್ತಾನೆ. ಉಡುಗೊರೆ ಚೆಂದವೇ, ಆದರೆ ಇರಲೇಬೇಕೆಂದೇನಿಲ್ಲ ಎನ್ನುವ ಹಾಗೆ ಆಡಮ್ ಉತ್ತರಿಸುತ್ತಾನೆ.

ಮಗಳು ನನ್ನ ಕಡೆ ತಿರುಗಿದಳು. "ಪಪ್ಪಾ, ಇಂವಾ ಗೊಂಬಿ ಅಲ್ಲೇನು? ಗೊಂಬೀನ ಗೊಂಬಿ ಬ್ಯಾಡ ಅಂತ ಹೇಳ್ತದೇನು?"

ನಕ್ಕೆ. ಆದರೆ ನಕ್ಕು ಬಿಡುವ ಪ್ರಶ್ನೆ ಅದಲ್ಲ. ಮಾರುವವನೇ ಬಂದು ಕೊಳ್ಳುವುದು ಮುಖ್ಯವಲ್ಲ ಎಂದರೆ ಅದನ್ನು ಏನೆಂದು ತಿಳಿಯಬೇಕು? ಆ ಮಾತು ಸುಳ್ಳಲ್ಲ. ನಾನೂ ನನ್ನ ಮಗಳಿಗೆ ಅದನ್ನೇ ಹೇಳುತ್ತೇನೆ. ಆದರೂ ಅವನ ಬಾಯಲ್ಲಿ ಅದು ಯಾಕೋ ಹೊಂದುವುದಿಲ್ಲ. ಮಾತು ಖರೆ ಇದ್ದರೂ ಹೇಳಿದವನಿಂದಾಗಿ ಅದು ಕೆಡುತ್ತದೆಯೇ? ಈ ಪ್ರಬಂಧ ಬರೆಯಲು ಕೂತದ್ದು ಈ ಒಂದು ಪ್ರಶ್ನೆಗಾಗಿ.

ಮೊದಲು ಗೊಂಬೆಯ ಹುಟ್ಟಿನ ಬಗ್ಗೆ ನಾಲ್ಕು ಮಾತು. ಹೀ-ಮ್ಯಾನ್ ಕಥೆಯಿಂದ ಹುಟ್ಟಿದ ಗೊಂಬೆಯಲ್ಲ, ಗೊಂಬೆಯಿಂದ ಹುಟ್ಟಿದ ಕಥೆ. ಸ್ಟಾರ್ ವಾರ್ಸ್ ಆಟಿಕೆಗಳ ಹಕ್ಕನ್ನು ಅಮೆರಿಕದ ಮ್ಯಾಟೆಲ್ ಕಂಪನಿ ಕೈಬಿಟ್ಟಿತ್ತು. ಅದನ್ನು ಹಿಡಿದ ಕೆನರ್ ಕಂಪನಿ ಚೆನ್ನಾಗಿ ಗಳಿಸಿತು. ಆಗ ಮ್ಯಾಟೆಲ್ ತನ್ನದೇ ಒಬ್ಬ ವೀರನನ್ನು ಹುಡುಕಿತು. 1982ರಲ್ಲಿ ಈ ಗೊಂಬೆಗಳು ಅಂಗಡಿಗೆ ಬಂದವು. ಹೀ-ಮ್ಯಾನ್ ಒಂದು ದೊಡ್ಡ ಹಸಿರು ಹುಲಿಯ ಮೇಲೆ ಸವಾರಿ ಮಾಡುತ್ತಾನಲ್ಲ, ಅದಕ್ಕೂ ಒಂದು ಲೆಕ್ಕವಿದೆ. ಬಿಗ್ ಜಿಮ್ ಎಂಬ ಹಳೆಯ, ಇನ್ನೂ ದೊಡ್ಡ ಅಳತೆಯ ಗೊಂಬೆಗಾಗಿ ಮಾಡಿದ್ದ ಹುಲಿಯ ಅಚ್ಚು ಕಂಪನಿಯಲ್ಲಿ ಬಿದ್ದಿತ್ತು. ಹೊಸ ಅಚ್ಚಿನ ಖರ್ಚು ಉಳಿಸಲು ಅದನ್ನೇ ಬಳಸಿದರು. ಹೊಸ ಗೊಂಬೆಯ ಪಕ್ಕ ಆ ಹುಲಿ ತೀರ ದೊಡ್ಡದಾಯಿತು, ಅದಕ್ಕೇ ಜೀನು ಹಾಕಿ ವಾಹನ ಮಾಡಿದರು. ಹೀ-ಮ್ಯಾನ್‌ಗೂ ಸ್ಕೆಲೆಟರ್‌ಗೂ ಎದೆಯ ಅಚ್ಚು ಒಂದೇ. ಧರ್ಮ, ಅಧರ್ಮ ಎರಡೂ ಒಂದೇ ಅಚ್ಚಿನಲ್ಲಿ ಎರಕಗೊಂಡಿದ್ದವು, ಬಣ್ಣ ಮತ್ತು ತಲೆ ಬೇರೆ.

ಗೊಂಬೆಯ ಡಬ್ಬಿಯಲ್ಲಿ ಮೊದಲು ಪುಟ್ಟ ಕಾಮಿಕ್ಸ್ ಇಟ್ಟರು. 1983ರಲ್ಲಿ ಟೀವಿ ಸರಣಿ ಬಂತು, 130 ಕಂತು. ಅಲ್ಲಿಯವರೆಗೆ ಇಂಥದ್ದಕ್ಕೆ ಅಮೆರಿಕದಲ್ಲಿ ತಡೆ ಇತ್ತು. 1969ರಲ್ಲಿ ಹಾಟ್ ವೀಲ್ಸ್ ಆಟಿಕೆ ಕಾರುಗಳ ಹೆಸರಲ್ಲೇ ಒಂದು ಕಾರ್ಟೂನು ಬಂದಾಗ ಇನ್ನೊಂದು ಆಟಿಕೆ ಕಂಪನಿ ದೂರು ಕೊಟ್ಟಿತು. ಕಾರ್ಯಕ್ರಮದ ಒಂದು ಭಾಗವನ್ನು ಜಾಹೀರಾತಿನ ಲೆಕ್ಕಕ್ಕೆ ಹಾಕಿ ಎಂದು ಅಲ್ಲಿನ ಪ್ರಸಾರ ಆಯೋಗ ಹೇಳಿತು. ಆದರೆ ಎಂಬತ್ತರ ದಶಕಕ್ಕೆ ಗಾಳಿ ತಿರುಗಿತ್ತು, 1984ರಲ್ಲಿ ಆಯೋಗವೇ ಕಟ್ಟು ಸಡಿಲಿಸಿತು. ಪೆಗ್ಗಿ ಚಾರೆನ್ ಎಂಬ ತಾಯಿ ಮಕ್ಕಳ ಟೀವಿಗಾಗಿ 1968ರಲ್ಲೇ ಒಂದು ಸಂಘಟನೆ ಕಟ್ಟಿ ಇಂಥ ಕಾರ್ಯಕ್ರಮಗಳ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. 1990ರಲ್ಲಿ ಕಾಯಿದೆ ಬಂತು. ಮಕ್ಕಳ ಕಾರ್ಯಕ್ರಮಗಳ ನಡುವಿನ ಜಾಹೀರಾತಿಗೆ ವಾರಾಂತ್ಯದಲ್ಲಿ ಗಂಟೆಗೆ ಹತ್ತೂವರೆ ನಿಮಿಷ, ಉಳಿದ ದಿನ ಹನ್ನೆರಡು ನಿಮಿಷ ಎಂದು ಮಿತಿ. ಆದರೂ ಗೊಂಬೆಯನ್ನು ಆಧರಿಸಿದ ಕಾರ್ಯಕ್ರಮಕ್ಕೆ ನಿಷೇಧವೇನೂ ಇಲ್ಲ. ಅದೇ ಗೊಂಬೆಯ ಜಾಹೀರಾತನ್ನು ಅದೇ ಕಾರ್ಯಕ್ರಮದ ನಡುವೆ ತೋರಿಸಿದರಷ್ಟೇ ತಕರಾರು. ನಮ್ಮಲ್ಲಿ 1994ರ ಕೇಬಲ್ ಟೀವಿ ನಿಯಮಗಳೂ ಜಾಹೀರಾತು ಕಾರ್ಯಕ್ರಮದಿಂದ ಬೇರೆ ಎಂದು ಸ್ಪಷ್ಟವಾಗಿ ಕಾಣಬೇಕು ಎನ್ನುತ್ತವೆ. ಕಾರ್ಯಕ್ರಮವೇ ಜಾಹೀರಾತಾದರೆ ಯಾವುದರಿಂದ ಯಾವುದನ್ನು ಬೇರೆ ಮಾಡುವುದು?

ಫಿಲ್ಮೇಶನ್‌ನವರಿಗೆ ಈ ಮುಜುಗರ ಗೊತ್ತಿತ್ತು ಎಂದೇ ನನಗನ್ನಿಸುತ್ತದೆ. ಸ್ಟ್ಯಾನ್‌ಫರ್ಡ್‌ನ ಸಂವಹನ ಪ್ರಾಧ್ಯಾಪಕರೊಬ್ಬರನ್ನು ಸಲಹೆಗೆ ಇಟ್ಟುಕೊಂಡರು. ಹೀ-ಮ್ಯಾನ್ ಕೈಯಲ್ಲಿ ಖಡ್ಗವಿದ್ದರೂ ಯಾರನ್ನೂ ಕಡಿಯುವುದಿಲ್ಲ, ಎತ್ತಿ ಕೆಸರಿಗೆ ಎಸೆಯುತ್ತಾನೆ ಅಷ್ಟೆ. ಕಂತಿನ ಕೊನೆಗೆ ಯಾವುದಾದರೊಂದು ಪಾತ್ರ ನೇರ ನಮ್ಮ ಕಡೆ ತಿರುಗಿ ಇವತ್ತಿನ ಕಥೆಯಿಂದ ಏನು ಕಲಿತೆವು ಎಂದು ಹೇಳುತ್ತಿತ್ತು.

ಆ ಕೊನೆಯ ನಿಮಿಷದೊಂದಿಗೆ ನನಗೊಂದು ಹಳೆಯ ಲೆಕ್ಕವಿದೆ.

ಎಂಬತ್ತರ ದಶಕದ ಕೊನೆ, ಜಮಖಂಡಿ. ನಮ್ಮ ಓಣಿಯಲ್ಲಿ ಎರಡು ಟೀವಿ. ದೂರದರ್ಶನದಲ್ಲಿ ಹೀ-ಮ್ಯಾನ್ ಬರುವ ಹೊತ್ತಿಗೆ ನಾವು ಹತ್ತು ಹದಿನೈದು ಹುಡುಗರು ಒಂದು ಮನೆಯ ಪಡಸಾಲೆಯಲ್ಲಿ. ಭಾಷೆ ಪೂರ್ತಿ ತಿಳಿಯುತ್ತಿರಲಿಲ್ಲ, ಅದರ ಗರಜೂ ಇರಲಿಲ್ಲ. ಗೊಂಬೆಗಳು ಲಿಯೋ ಎಂಬ ಹೆಸರಲ್ಲಿ ಭಾರತದಲ್ಲೇ ತಯಾರಾಗಿ ದೊಡ್ಡ ಊರುಗಳ ಅಂಗಡಿಗೆ ಬಂದಿದ್ದವು. ನಮ್ಮ ಕ್ಲಾಸಿನ ಡಾಕ್ಟರರ ಮಗ ಒಂದು ತಂದ. ಅವತ್ತಿನಿಂದ ನನಗೆ ಊಟ ರುಚಿಸಲಿಲ್ಲ.

ಕಾಕಾ ಬೆಳಗಾವಿಗೆ ಹೊರಟಿದ್ದ. ಅಜ್ಜಿ ಎಲೆಅಡಿಕೆ ಚೀಲದ ಒಳಮಡಿಕೆಯಲ್ಲಿ ಹಣ ಇಡುತ್ತಿದ್ದಳು. ಅವಳು ಮಲಗಿದಾಗ ನೋಟು ತೆಗೆದೆ. ಜಾತ್ರೆಗೆ ಕೊಟ್ಟ ರೊಕ್ಕ ಕೂಡಿಸಿಟ್ಟಿದ್ದೆ ಎಂದು ಕಾಕಾನಿಗೆ ಹೇಳಿ ಕೊಟ್ಟೆ. ಹೀ-ಮ್ಯಾನ್ ಮುಗಿದಿದೆ ಎಂದು ಅಂಗಡಿಯವ ಹೇಳಿದನಂತೆ, ಕಾಕಾ ಸ್ಕೆಲೆಟರ್ ತಂದ. "ಇದೇನೋ ಎಲುಬಿನ ಮಾರಿ!" ಎಂದು ಅಜ್ಜಿ ನಕ್ಕಳು. ನಾನು ನಗಲಿಲ್ಲ.

ಮುಂದಿನ ವಾರವೋ ಅದರ ಮುಂದಿನ ವಾರವೋ, ಕಂತು ಮುಗಿದ ಮೇಲೆ ಹೀ-ಮ್ಯಾನ್ ಎಂದಿನಂತೆ ನಮ್ಮ ಕಡೆ ತಿರುಗಿ ಮಾತಾಡಿದ. ಏನು ಹೇಳಿದನೋ ನನಗೆ ಇವತ್ತಿಗೂ ಗೊತ್ತಿಲ್ಲ. ಹಲ್ಲುಜ್ಜಿ ಎಂದೂ ಹೇಳಿದ್ದಿರಬಹುದು. ಹದಿನೈದು ಹುಡುಗರಲ್ಲಿ ಅವನು ನನ್ನನ್ನೇ ನೋಡುತ್ತಿದ್ದಾನೆ, ಅವನಿಗೆ ಎಲ್ಲ ಗೊತ್ತು ಎಂದು ನನಗನ್ನಿಸಿತು. ಮನೆಗೆ ಹೋಗಿ ಅಜ್ಜಿಯ ಮುಂದೆ ನಿಂತು ಅತ್ತೆ. ಅವಳು ಅಡಿಕೆ ಕತ್ತರಿಸುತ್ತಲೇ ಹೇಳಿದಳು: "ನನಗ ಅವತ್ತ ಗೊತ್ತಾಗೇದ. ನೀನಾಗೇ ಹೇಳ್ತಿ ಏನು ಅಂತ ನೋಡ್ತಿದ್ದೆ."

ಯೋಚಿಸಿದರೆ ವಿಚಿತ್ರ. ನನ್ನಲ್ಲಿ ಆಸೆ ಹುಟ್ಟಿಸಿದ್ದು ಆ ಕಾರ್ಯಕ್ರಮ. ಆ ಆಸೆಗಾಗಿ ನಾನು ಕದ್ದೆ. ಕದ್ದದ್ದನ್ನು ಒಪ್ಪಿಕೊಳ್ಳುವಂತೆ ಮಾಡಿದ್ದೂ ಅದೇ ಕಾರ್ಯಕ್ರಮ. ಹಾಗಾಗಿ ಗೊಂಬೆ ಮಾರುವ ಕಥೆ ಎಂದರೆ ಬರೀ ಮೋಸ ಎಂದು ಯಾರಾದರೂ ಬೀಸಾಗಿ ಹೇಳಿದರೆ ನನಗೆ ಪೂರ್ತಿ ಒಪ್ಪಲು ಆಗುವುದಿಲ್ಲ. ಕಥೆ ಚೆನ್ನಾಗಿದ್ದರೆ ಯಾರು ದುಡ್ಡು ಕೊಟ್ಟರೆಂಬುದು ಯಾಕೆ ಬೇಕು ಎಂದರೂ ಒಪ್ಪಲಾರೆ. ಅಜ್ಜಿಯ ಚೀಲ ನೆನಪಾಗುತ್ತದೆ.

ಗೊಂಬೆಗೆ ಕಥೆ ಇರುವುದು ಹೊಸದೇನಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ನಮ್ಮ ಕಡೆ ಮನೆಮನೆಗೆ ಮಣ್ಣಿನ ಎತ್ತು ಬರುತ್ತವೆ, ಆಷಾಢದ ಮಂಗಳವಾರಗಳಂದು ಗುಳ್ಳವ್ವ ಬರುತ್ತಾಳೆ. ಎತ್ತಿಗೆ ಪೂಜೆ ಉಂಟು, ಗುಳ್ಳವ್ವನಿಗೆ ಹಾಡು ಉಂಟು. ಕುಂಬಾರ ಎತ್ತು ಮಾರಿ ಕಾಳು ಅಥವಾ ದುಡ್ಡು ಒಯ್ಯುತ್ತಾನೆ. ಹಾಗಾದರೆ ಅವನೂ ಕಥೆ ಹೇಳಿ ಗೊಂಬೆ ಮಾರುವವನೇ ಅಲ್ಲವೇ? ಒಂದು ವ್ಯತ್ಯಾಸವಿದೆ. ಎತ್ತಿನ ಕಥೆ ಕುಂಬಾರನದಲ್ಲ. ಅದು ಊರಿನದು, ಮಳೆಯದು, ಬಿತ್ತನೆಯದು. ಕುಂಬಾರನಿಂದ ಕೊಳ್ಳದೆ ಕೆರೆಯ ಮಣ್ಣು ತಂದು ನಾನೇ ಮಾಡಿಕೊಂಡರೂ ಕಥೆಯಲ್ಲಿ ಏನೂ ಕಡಿಮೆಯಾಗುವುದಿಲ್ಲ, ಯಾರೂ ಇದು ನಕಲಿ ಎತ್ತು ಎನ್ನುವುದಿಲ್ಲ. ಸ್ಕೆಲೆಟರ್‌ನನ್ನು ಮಣ್ಣಿನಲ್ಲಿ ಮಾಡಿಕೊಂಡಿದ್ದರೆ ಓಣಿಯ ಹುಡುಗರು ನನ್ನನ್ನು ಆಟಕ್ಕೆ ಸೇರಿಸುತ್ತಿದ್ದರೇ? ಅನುಮಾನ. ಕಥೆಯ ಬೀಗದ ಕೈ ಅಂಗಡಿಯವನ ಹತ್ತಿರವೇ ಇರುವುದು ಇಲ್ಲಿನ ಹೊಸತನ.

ಇದು ಟೀವಿ ಎಂಬ ಮಾಧ್ಯಮದ ತಪ್ಪೂ ಅಲ್ಲ. ಅದೇ ಎಂಬತ್ತರ ದಶಕದಲ್ಲಿ ಅದೇ ದೂರದರ್ಶನದ ತರಂಗ್ ಕಾರ್ಯಕ್ರಮದಲ್ಲಿ ಅರವಿಂದ ಗುಪ್ತಾ ಬೆಂಕಿಕಡ್ಡಿ, ಸೈಕಲ್ ಟ್ಯೂಬಿನ ತುಂಡು, ಹಳೇ ಕಾಗದದಿಂದ ಆಟಿಕೆ ಮಾಡುವುದನ್ನು ತೋರಿಸುತ್ತಿದ್ದರು. ಮುಂದೆ ಅವರು ನಮ್ಮ ಪುಣೆಯಲ್ಲೇ, ವಿಶ್ವವಿದ್ಯಾಲಯದ ಆವರಣದ ಆಯುಕಾ ಸಂಸ್ಥೆಯ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ವರ್ಷಗಟ್ಟಲೆ ಅದನ್ನೇ ಮಾಡಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅಲ್ಲಿಯೂ ಪರದೆಯ ಮೇಲೆ ಆಟಿಕೆಯೇ ಇತ್ತು. ಆದರೆ ನೋಡಿದ ಮಗು ಅಂಗಡಿಗೆ ಓಡಬೇಕಿರಲಿಲ್ಲ, ಕಸದಬುಟ್ಟಿಯತ್ತ ಓಡಿದರೆ ಸಾಕಿತ್ತು.

ಮಗಳ ಪ್ರಶ್ನೆಗೆ ಉತ್ತರದ ಒಂದು ತುದಿ ಸಿಕ್ಕಿದ್ದು ಮರುದಿನ ಭಾನುವಾರ ಬೆಳಿಗ್ಗೆ, ಮಾರ್ಕೆಟ್ ಯಾರ್ಡಿನಲ್ಲಿ. ನಮ್ಮ ಮನೆ ಅದರ ಹಿಂಬದಿಗೆ, ಬಿಬವೇವಾಡಿ ರಸ್ತೆಯ ಕಡೆ. ಭುಸಾರ ವಿಭಾಗದಲ್ಲಿ ಜೋಳ, ಬೆಲ್ಲ ಕೊಳ್ಳುವಾಗ ಹಮಾಲರ ಬಾಯಲ್ಲಿ ಇಂಡಿ, ಆಳಂದ, ಅಫಜಲಪುರದ ಕನ್ನಡ ಕಿವಿಗೆ ಬೀಳುತ್ತದೆ. ಅದನ್ನು ಕೇಳಲೆಂದೇ ಎರಡು ಸುತ್ತು ಹೆಚ್ಚು ಹಾಕುವುದುಂಟು. ಏಪ್ರಿಲ್, ಮೇ ತಿಂಗಳಲ್ಲಿ ಹಣ್ಣಿನ ವಿಭಾಗದಲ್ಲಿ ಹುಲ್ಲಿನ ಮೇಲೆ ಮಾವಿನ ರಾಶಿ. ಕೊಂಕಣದ ಹಾಪೂಸು ಬರುತ್ತದೆ, ಕರ್ನಾಟಕದ ಹಾಪೂಸೂ ಬರುತ್ತದೆ. ನೋಡಲು ಎರಡೂ ಹೆಚ್ಚುಕಡಿಮೆ ಒಂದೇ, ಬೆಲೆ ಬೇರೆ. ರತ್ನಾಗಿರಿ, ಸಿಂಧುದುರ್ಗ ಮತ್ತು ಸುತ್ತಲಿನ ಹಾಪೂಸಿಗೆ 2018ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ. ಆದರೂ ಪ್ರತಿ ವರ್ಷ ಕರ್ನಾಟಕದ ಹಣ್ಣು ದೇವಗಡದ ಪೆಟ್ಟಿಗೆಯಲ್ಲಿ ಕೂತು ದೇವಗಡವಾಗುವುದು ಇಲ್ಲಿ ಎಲ್ಲರಿಗೂ ಗೊತ್ತಿರುವ ಗುಟ್ಟು.

ನನ್ನ ಮುಂದೆ ನಿಂತಿದ್ದ ಗಿರಾಕಿ ಕಾರಿನಲ್ಲಿ ಬಂದವರು, ಬೆಲೆ ಕೇಳುವ ಅವಸರವಿರಲಿಲ್ಲ. ಹಣ್ಣು ಮೂಸಿ ನೋಡಿ "ದೇವಗಡ ನಾ?" ಎಂದರು. ಹೌದೆಂದರೆ ಎರಡು ಪೇಟಿ ಅಲ್ಲೇ ಹೋಗುತ್ತಿತ್ತು. ಅಂಗಡಿಯ ಮುದುಕ ತಲೆ ಅಲ್ಲಾಡಿಸಿ ಮರಾಠಿಯಲ್ಲಿ ಹೇಳಿದ: ಇಲ್ಲ ಸಾಹೇಬರೆ, ಇದು ಕರ್ನಾಟಕದ್ದು, ರುಚಿ ಇದೆ, ಆದರೆ ದೇವಗಡ ಅಲ್ಲ. ಅವರು ಹಣ್ಣು ಇಟ್ಟು ಮುಂದಿನ ಅಂಗಡಿಗೆ ಹೋದರು. ಅಲ್ಲಿ ಅವರಿಗೆ ದೇವಗಡ ಸಿಕ್ಕಿತೋ ಕರ್ನಾಟಕವೋ ನನಗೆ ಗೊತ್ತಿಲ್ಲ. ನಾನು ಎರಡು ಡಜನ್ ಕೊಂಡೆ. ಊರಿನ ಹಣ್ಣು, ಅಭಿಮಾನ ಬೇರೆ.

ಚೀಲ ಹಿಡಿದು ನಡೆಯುವಾಗ ಹೊಳೆಯಿತು: ಈ ಮುದುಕನೂ ಮಾರುವವನೇ. ಅವನೂ ಒಂದು ಖರೆ ಮಾತು ಹೇಳಿದ. ಆದರೆ ಆ ಮಾತಿಗೆ ಅವನು ಬೆಲೆ ತೆತ್ತ. ಎರಡು ಪೇಟಿಯ ಬೆಲೆ, ನನ್ನ ಕಣ್ಣೆದುರಿಗೆ. ಉಡುಗೊರೆ ಬೇಕೇಬೇಕೆಂದಿಲ್ಲ ಎಂದ ಗೊಂಬೆಗೆ ಆ ಮಾತಿನಿಂದ ಏನು ನಷ್ಟವಾಯಿತು? ಒಂದಾದರೂ ಗೊಂಬೆ ಕಡಿಮೆ ಮಾರಾಟವಾಗಲಿ ಎಂದು ಯಾರಾದರೂ ಆ ಸಾಲು ಬರೆಸಿದ್ದರೇ? ಇಂಥ ಒಳ್ಳೆಯ ಗೊಂಬೆಯನ್ನು ಕೊಡಿಸಬಹುದು ಎಂದು ತಂದೆತಾಯಿಗೆ ಧೈರ್ಯವೇ ಬಂದಿರುತ್ತದೆ. ಮಾರುವವನು ಸತ್ಯ ಹೇಳಬಾರದೆಂದಿಲ್ಲ. ಆದರೆ ಆ ಸತ್ಯದಿಂದ ಅವನಿಗೆ ಏನು ಕಡಿಮೆಯಾಯಿತು ಎಂದು ಕೇಳಬೇಕು. ಏನೂ ಆಗಿಲ್ಲವಾದರೆ ಸತ್ಯ ಸತ್ಯವೇ, ಆದರೆ ಅದು ಸರಕಿನ ಜೊತೆ ಬಂದ ಹೊದಿಕೆ.

ಇದಕ್ಕೊಂದು ಆಕ್ಷೇಪಣೆ ನಾನೇ ಹಾಕಿಕೊಂಡೆ. ಮುದುಕನ ಪ್ರಾಮಾಣಿಕತೆಯೂ ಒಂದು ಹೂಡಿಕೆಯಲ್ಲವೇ? ನಾನು ಮುಂದಿನ ವಾರವೂ ಅವನ ಹತ್ತಿರವೇ ಹೋಗುತ್ತೇನೆ. ಇರಬಹುದು. ಆದರೆ ನಷ್ಟ ಮೊದಲು ಬಂತು, ಖಚಿತವಾಗಿ ಬಂತು. ಲಾಭ ಬಂದರೆ ಬಂತು. ಆ ಕ್ಷಣದಲ್ಲಿ ಅವನಿಗೆ ಹಿಂದೆ ನಿಂತ ನನ್ನ ಬಗ್ಗೆ ಏನೂ ಗೊತ್ತಿರಲಿಲ್ಲ. ಮೊದಲು ತೆತ್ತು ಆಮೇಲೆ ಕಾಯುವುದಕ್ಕೂ, ಏನೂ ತೆರದೆ ಪಡೆಯುವುದಕ್ಕೂ ಅಂತರವಿದೆ.

ಇನ್ನೊಂದು ಸಂಗತಿಯನ್ನೂ ಯಾರ್ಡೇ ನೆನಪಿಸಿತು. ನಮ್ಮ ಕಡೆಯ ದನದ ಸಂತೆಯಲ್ಲಿ ದಲಾಲಿಗಳು ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳಿನಲ್ಲಿ ಬೆಲೆ ಹೇಳುವುದನ್ನು ಓದುಗರಲ್ಲಿ ಅನೇಕರು ನೋಡಿರುತ್ತೀರಿ. ಕಾಳುಕಡಿಯಲ್ಲೂ ಹೀಗೇ ನಡೆಯುತ್ತಿತ್ತು. ಮಾಲು ರೈತನದು, ಆದರೆ ಬಟ್ಟೆಯಡಿ ಏನು ನಡೆಯಿತೆಂದು ರೈತನಿಗೇ ತಿಳಿಯದು. 1928ರಲ್ಲಿ ಕೃಷಿಯ ರಾಯಲ್ ಕಮಿಷನ್ ನಿಯಂತ್ರಿತ ಮಾರುಕಟ್ಟೆಗಳು ಬೇಕು ಎಂದಿತು. ಮಹಾರಾಷ್ಟ್ರದಲ್ಲಿ 1963ರಲ್ಲಿ, ಕರ್ನಾಟಕದಲ್ಲಿ 1966ರಲ್ಲಿ ಎಪಿಎಂಸಿ ಕಾಯಿದೆಗಳು ಬಂದವು. ಬೆಲೆಯನ್ನು ಬಾಯಿಬಿಟ್ಟು ಹೇಳಿ, ಎಲ್ಲರೆದುರು ತೂಗಿ ಎಂಬುದು ಅವುಗಳ ತಿರುಳು. ಯಾರ್ಡಿನಲ್ಲಿ ಈಗಲೂ ಮೋಸ ಇಲ್ಲವೆಂದಲ್ಲ. ಆದರೆ ಇಲ್ಲಿ ಮಾರುವವನು ಮಾರುವವನಾಗಿಯೇ ನಿಂತಿರುತ್ತಾನೆ, ಗೆಳೆಯನ ವೇಷ ಹಾಕುವುದಿಲ್ಲ. ಎಂಟು ವರ್ಷದ ಮಗುವಿನ ಮುಂದೆ ಟೀವಿಯ ಗೊಂಬೆ ಗೆಳೆಯನಾಗಿ ನಿಲ್ಲುತ್ತದೆ. ಬಟ್ಟೆಯ ಮೇಲೆ ಕಥೆ, ಕೆಳಗೆ ಬೆರಳು. ಸ್ವೀಡನ್ 1991ರಿಂದ 12 ವರ್ಷದೊಳಗಿನ ಮಕ್ಕಳನ್ನು ಗುರಿಯಾಗಿಸಿದ ಟೀವಿ ಜಾಹೀರಾತನ್ನು, ಕೆನಡಾದ ಕ್ವಿಬೆಕ್ ಪ್ರಾಂತ 1980ರಿಂದ 13ರೊಳಗಿನವರಿಗೆ ಜಾಹೀರಾತನ್ನು ನಿಷೇಧಿಸಿರುವುದು ಈ ಕಾರಣಕ್ಕೇ. ಮಗುವಿಗೆ ಬಟ್ಟೆ ಸರಿಸಿ ನೋಡುವ ವಯಸ್ಸಲ್ಲ ಅದು.

ಇಲ್ಲಿಯವರೆಗೆ ಬರೆದದ್ದನ್ನು ಓದಿದರೆ ನಾನು ಯಾರ್ಡಿನ ಮುದುಕನ ಪಕ್ಕದಲ್ಲಿ ನಿಂತಿದ್ದೇನೆ ಎನ್ನಿಸುತ್ತದೆ. ನಿಂತಿಲ್ಲ. ಅದನ್ನೂ ಹೇಳಿಯೇ ಮುಗಿಸಬೇಕು.

ಕೆಲವು ವರ್ಷಗಳ ಹಿಂದೆ ಮಕ್ಕಳ ಒಂದು ಆ್ಯಪ್ ನನ್ನ ಪ್ರಾಜೆಕ್ಟಾಗಿತ್ತು. ಅದರಲ್ಲಿ ಒಂದು ಗಿಳಿ. ಮಗು ಅರ್ಧ ಗಂಟೆ ಆಡಿದ ಮೇಲೆ ಗಿಳಿ ಬಂದು, ಸಾಕು ಪುಟ್ಟಾ, ಕಣ್ಣಿಗೆ ವಿಶ್ರಾಂತಿ ಕೊಡು, ಹೊರಗೆ ಹೋಗಿ ಆಡು ಎನ್ನುತ್ತಿತ್ತು. ಈ ಗಿಳಿಯ ಐಡಿಯಾ ನಮ್ಮ ತಂಡದ ಒಬ್ಬ ಹುಡುಗಿಯದು, ಅವಳು ಮನಸ್ಸಿಟ್ಟು ಮಾಡಿದ್ದಳು. ಅಂಕಿಅಂಶ ಬಂದಾಗ ನೋಡಿದರೆ, ಗಿಳಿ ಹೇಳುತ್ತದೆ, ಮಗು ಅದನ್ನು ಸರಿಸಿ ಆಟ ಮುಂದುವರಿಸುತ್ತದೆ. ತಂದೆತಾಯಿಗಳು ಮಾತ್ರ ಗಿಳಿಯನ್ನು ಹೊಗಳಿ ಬರೆದರು. ಆ ಹುಡುಗಿ ಎರಡನೇ ಆವೃತ್ತಿ ಮಾಡಿದಳು. ಅದರಲ್ಲಿ ಗಿಳಿ ಹೇಳಿದ ಮೇಲೆ ಆಟ ನಿಜವಾಗಿಯೂ ನಿಲ್ಲುತ್ತಿತ್ತು, ಒಂದು ಗಂಟೆ ತೆರೆಯುತ್ತಿರಲಿಲ್ಲ. ಎರಡು ವಾರ ಪರೀಕ್ಷಿಸಿದೆವು. ಮಕ್ಕಳು ಕಳೆಯುವ ಸಮಯ ಇಳಿಯಿತು. ಗಿರಾಕಿ ಕಂಪನಿಯವರು ಮೊದಲಿನ ಗಿಳಿಯೇ ಇರಲಿ ಎಂದರು. ಏನೂ ಕಡಿಮೆ ಮಾಡದ ಸತ್ಯ ಉಳಿಯಿತು, ಕಡಿಮೆ ಮಾಡಿದ ಸತ್ಯ ಹೋಯಿತು. ಆ ಬಿಡುಗಡೆಯ ಟಿಪ್ಪಣಿಗೆ ಸಹಿ ನನ್ನದು. ಅವತ್ತು ಒಂದು ಮಾತು ಎತ್ತಬಹುದಿತ್ತು. ಅಪ್ರೈಸಲ್ ತಿಂಗಳು, ಮನೆಯ ಇಎಂಐ, ತಂಡದ ಹನ್ನೊಂದು ಜನ, ಹೀಗೆ ಕಾರಣಗಳಿದ್ದವು. ಕಾರಣಗಳು ಸುಳ್ಳೂ ಅಲ್ಲ. ಆ ಹುಡುಗಿ ಏನೂ ಅನ್ನಲಿಲ್ಲ, ಸ್ವಲ್ಪ ದಿನಕ್ಕೆ ಬೇರೆ ತಂಡಕ್ಕೆ ಹೋದಳು.

ಹಾಗಾಗಿ ಫಿಲ್ಮೇಶನ್‌ನ ಬರಹಗಾರರ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಆ ಹುಡುಗಿಯಂಥವರು ಅಲ್ಲಿಯೂ ಇದ್ದಿರಬೇಕು. ಇಷ್ಟು ಗೊಂಬೆ ತೋರಿಸಬೇಕು ಎಂಬ ಚೌಕಟ್ಟಿನೊಳಗೆ ಕೂತು, ಸ್ಕೆಲೆಟರ್ ಕೈಗೆ ಯಾರೋ ಒಂದು ನಾಯಿಮರಿ ಕೊಟ್ಟರು. ಖಳ ಖಳನಾಗಿಯೇ ಇದ್ದರೆ ಗೊಂಬೆ ಮಾರಾಟಕ್ಕೆ ಅಡ್ಡಿಯೇನೂ ಇರಲಿಲ್ಲ. ಕೆಟ್ಟವನಿಗೂ ಒಂದು ದಾರಿ ಇದೆ ಎಂದು ಮಕ್ಕಳಿಗೆ ತೋರಿಸಬೇಕೆಂದು ಅವರಿಗೆ ಅನ್ನಿಸಿತು. ಗಮನಿಸಿ, ಒಳ್ಳೆಯವನಾದದ್ದಕ್ಕೆ ಸ್ಕೆಲೆಟರ್ ತೆತ್ತದ್ದೂ ಇದೆ, ದೊರೆಯ ಕೋಪವನ್ನೇ ಕಟ್ಟಿಕೊಂಡ. ನನಗೆ ಆ ಕಾರ್ಯಕ್ರಮದಲ್ಲಿ ಹಿಡಿಸಿದ್ದು ಇದೇ. ಕೊನೆಯಲ್ಲಿ ಆಡಮ್ ಹೇಳಿದ ನೀತಿ ಹೊದಿಕೆ, ನಡುವೆ ಸ್ಕೆಲೆಟರ್ ಮಾಡಿದ್ದು ಕಥೆ. ಹೊದಿಕೆಯನ್ನು ಕಂಪನಿಯೇ ಇಟ್ಟುಕೊಳ್ಳಲಿ, ಕಥೆ ನೋಡಿದವರದಾಗುತ್ತದೆ. ನನ್ನ ಎಲುಬಿನ ಮಾರಿಯ ಗೊಂಬೆ ಜಮಖಂಡಿಯಲ್ಲಿ ಯಾರ ಮೇಲೂ ಯುದ್ಧ ಮಾಡಲಿಲ್ಲ. ಆ ವರ್ಷದ ಮಣ್ಣೆತ್ತುಗಳ ಹಿಂದೆ ಅವನನ್ನು ನಿಲ್ಲಿಸಿ ಅಂಗಳ ಉಳಿಸಿದೆ. ಅದು ಯಾವ ಡಬ್ಬಿಯ ಮೇಲೂ ಬರೆದಿರಲಿಲ್ಲ.

ಮಾವಿನಹಣ್ಣು ಹೋಳು ಮಾಡುವಾಗ ಮಗಳಿಗೆ ಹೇಳಿದೆ. "ನಿನ್ನೆ ಕೇಳಿದ್ಯಲ್ಲ, ಗೊಂಬೀನ ಗೊಂಬಿ ಬ್ಯಾಡ ಅಂತದೇನು ಅಂತ. ಅದು ಹೇಳಿದ್ದು ಖರೆ. ಹೇಳಿದಾವ ಮಾರಾಂವ, ಅದೂ ಖರೆ. ಇನ್ನ ಯಾರರ ಹಿಂಗ ಚಂದ ಮಾತು ಹೇಳಿದ್ರ, ಇದನ್ನ ಹೇಳಿದ್ದಕ್ಕ ಇವರಿಗೆ ಏನ್ ಕಡಿಮಿ ಆತು ಅಂತ ಕೇಳು." ಯಾರ್ಡಿನ ಮುದುಕನ ಕಥೆಯನ್ನೂ ಹೇಳಿದೆ. ಅವಳು ಗೊರಟೆ ಚೀಪುತ್ತ ಕೇಳಿದಳು. ಅರ್ಥವಾಯಿತೋ ಇಲ್ಲವೋ ತಿಳಿಯಲಿಲ್ಲ.

ತಿಳಿದದ್ದು ರಾತ್ರಿ. ಅವಳು ನನ್ನ ಹೆಂಡತಿಯ ಮೊಬೈಲ್ ಹಿಡಿದು ಕೂತಿದ್ದಳು. "ಸಾಕು ಪುಟ್ಟಿ, ಕಣ್ಣ ಹಾಳಾಗ್ತಾವ, ಇಡು" ಎಂದೆ. ಎಂದ ಮೇಲೆ ನನಗೇ ಆ ಗಿಳಿಯ ದನಿ ಕೇಳಿಸಿತು. ಅವಳು ತಲೆ ಎತ್ತಿ ನನ್ನ ಕೈಯನ್ನು ನೋಡಿದಳು. ಕೈಯಲ್ಲಿ ನನ್ನ ಫೋನು, ಅದರಲ್ಲಿ ಸೋಮವಾರದ ಸ್ಟೇಟಸ್ ರಿಪೋರ್ಟು.

"ಪಪ್ಪಾ, ನಿನಗ ಏನ್ ಕಡಿಮಿ ಆತು?"

ಫೋನನ್ನು ಬಂದ್ ಮಾಡಿ ಜೋಳದ ಡಬ್ಬಿಯ ಮೇಲಿಟ್ಟೆ. ರಿಪೋರ್ಟು ಮರುದಿನ ತಡವಾಗಿ ಹೋಯಿತು.